ವಾಲ್ಟರ್ ಎಲಿಯಟ್ ಸಾಹೇಬರೂ ಎರೆಭೂಮಿಯ ಮೃಗಗಳೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ಹೊಲಮನೆ ಮಾಡಿಕೊಂಡಿರುವ ನಮ್ಮ ವಾಚಕರಿಗೆ ತೋಳ, ನರಿ, ಚಿಗರಿ, ಕರಡಿ, ಹೊಲದ ಇಲಿ ಇವುಗಳ ಗುರುತನ್ನು ನಾವು ಹೇಳಿಕೊಡಬೇಕಾದ ಅವಶ್ಯವಿಲ್ಲ. ಕುರಿ ಕಾಯುವವನು ತೋಳದ ಹೆಜ್ಜೆಯನ್ನು ಬಲ್ಲನು. ಜೋಳ ಕಾಯುವವನು ಇಲಿಯ ಬಿಲವನ್ನು ಬಲ್ಲನು. ಆದರೆ ಈ ಮೃಗಗಳು ಯಾಕೆ ಹೀಗೆಯೇ ನಡೆದುಕೊಳ್ಳುತ್ತವೆ? ತೋಳವು ಯಾಕೆ ಅಡಗಿ ಕೂಡುತ್ತದೆ? ಚಿಗರಿಯು ಅಪಾಯವನ್ನು ಕಂಡ ಕೂಡಲೆ ನೆಟ್ಟಗೆ ಓಡದೆ ಯಾಕೆ ಮೇಲಕ್ಕೆ ನೆಗೆಯುತ್ತದೆ? ಒಂದು ಇಲಿ ಎರೆಯಲ್ಲಿಯೂ ಇನ್ನೊಂದು ಮಸಾರಿಯಲ್ಲಿಯೂ ಯಾಕೆ ವಾಸಮಾಡುತ್ತದೆ? ಇವುಗಳಿಗೆ ಬುದ್ಧಿ, ಮೋಸ, ಕ್ರೂರತನ ಎಂಬ ಉತ್ತರಗಳನ್ನು ಕೊಟ್ಟು ನಾವು ಸುಮ್ಮನಾಗುವುದುಂಟು. ಸುಮಾರು ಇನ್ನೂರು ವರುಷಗಳ ಹಿಂದೆ ಧಾರವಾಡದ ಕಡೆಯಲ್ಲಿ ಉದ್ಯೋಗಸ್ಥರಾಗಿದ್ದ ಒಬ್ಬ ಸಾಹೇಬರು ಹಾಗೆ ಸುಮ್ಮನಾಗಲಿಲ್ಲ. ಅವರು ಮೃಗದ ಕಾಲನ್ನೂ ಹಲ್ಲನ್ನೂ ರೋಮವನ್ನೂ ಹೊಟ್ಟೆಯೊಳಗಿನ ಆಹಾರವನ್ನೂ ನೋಡಿದರು. ಅದು ವಾಸಿಸುವ ಮಣ್ಣನ್ನು ನೋಡಿದರು. ಆಮೇಲೆ ಅದರ ನಡತೆಯನ್ನು ಬರೆದಿಟ್ಟರು. ಅವರು ಕಂಡ ನೆಲವು ನಮ್ಮ ನೆಲವೇ, ಹೇಗಂದರೆ ಧಾರವಾಡ, ಗದಗ, ರೋಣಗಳ ಎರೆಯು ಯಲಬುರ್ಗಾ ಕುಷ್ಟಗಿಗಳ ಎರೆಯೊಂದಿಗೆ ಕೂಡಿಕೊಂಡೇ ಇರುತ್ತದೆ. ಅಂದು ಇತ್ತ ಕಡೆ ನಿಜಾಮರ ಆಳಿಕೆಯೂ ಅತ್ತ ಕಡೆ ಕಂಪೆನಿಯವರ ಆಳಿಕೆಯೂ ಇದ್ದವು, ಆದರೆ ತೋಳಕ್ಕಾಗಲಿ ಇಲಿಗಾಗಲಿ ಆ ಗಡಿಯು ತಿಳಿದಿರಲಿಲ್ಲ. ಆದಕಾರಣ ಸರ್ ವಾಲ್ಟರ್ ಎಲಿಯಟ್ ಎಂಬ ಈ ಸಾಹೇಬರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುತ್ತೇವೆ.

ಇವರು ೧೮೦೩ನೆಯ ಇಸವಿ ಜನವರಿ ೧೬ರಲ್ಲಿ ಸ್ಕಾಟ್ಲೆಂಡ್ ದೇಶದ ಎಡಿನ್‌ಬರೊ ಪಟ್ಟಣದಲ್ಲಿ ಹುಟ್ಟಿದರು. ಅವರ ಮನೆತನದ ಜಮೀನು ಆ ದೇಶದ ದಕ್ಷಿಣ ಗಡಿಯಲ್ಲಿರುವ ವುಲ್ಫ್‌ಲೀ ಎಂಬ ಊರಿನಲ್ಲಿತ್ತು. ಆ ಹೆಸರಿನಲ್ಲಿಯೇ ತೋಳ ಎಂಬರ್ಥದ ಶಬ್ದವಿರುವುದು ವಿನೋದದ ಸಂಗತಿಯಾಗಿದೆ. ಯಾಕಂದರೆ ಇವರು ಹುಟ್ಟುವುದಕ್ಕೆ ಬಹುಕಾಲ ಮುಂಚೆಯೇ ಆ ದೇಶದವರು ತಮ್ಮ ತೋಳಗಳನ್ನೆಲ್ಲಾ ಕೊಂದು ತೀರಿಸಿದ್ದರು. ತೋಳವನ್ನು ನೋಡಬೇಕಾದರೆ ಇವರು ನಮ್ಮ ದೇಶಕ್ಕೆ ಬರಬೇಕಾಯಿತು. ಕಂಪೆನಿಯವರ ಹೇಲೀಬರಿ ಕಾಲೇಜಿನಲ್ಲಿ ಓದಿ, ೧೮೨೧ರಲ್ಲಿ ಮದ್ರಾಸಿಗೆ ಬಂದಿಳಿದು, ಅಲ್ಲಿ ತಮಿಳನ್ನೂ ಹಿಂದುಸ್ತಾನಿಯನ್ನೂ ಚೆನ್ನಾಗಿ ಕಲಿತರು. ಸ್ವಲ್ಪ ಕಾಲದ ಮೇಲೆ ದಕ್ಷಿಣ ಮರಾಠಾ ಪ್ರಾಂತವೆಂದು ಆಗ ಕರೆಯಲ್ಪಡುತ್ತಿದ್ದ ಧಾರವಾಡ ಸೀಮೆಗೆ, ಅಲ್ಲಿಯ ಕಲೆಕ್ಟರರಾದ ಥ್ಯಾಕರೆ ಸಾಹೇಬರ ಕೈಕೆಳಗೆ ಬಂದರು.

ಬಂದು ಬಹಳ ದಿನವಾಗಿರಲಿಲ್ಲ, ಅಷ್ಟರಲ್ಲಿಯೇ ಅವರ ಜೀವವು ತಕ್ಕಡಿಯಲ್ಲಿ ತೂಗಲ್ಪಟ್ಟಿತು. ೧೮೨೪ರಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ, ಅವನು ದತ್ತಕ ಮಾಡಿಕೊಂಡ ಹುಡುಗನನ್ನು ಕಂಪೆನಿಯವರು ವಾರಸುದಾರನೆಂದು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ಮಣಿಯಲಿಲ್ಲ. ಅಕ್ಟೋಬರ್ ೨೩ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸಾಹೇಬರು ಸತ್ತರು. ಎಲಿಯಟ್ ಸಾಹೇಬರೂ ಸ್ಟೀವನ್‌ಸನ್ ಎಂಬ ಇನ್ನೊಬ್ಬರೂ ಸೆರೆಯಾಗಿ ಕೋಟೆಯೊಳಗೆ ಒಯ್ಯಲ್ಪಟ್ಟರು. ಇಪ್ಪತ್ತೊಂದು ವರುಷದ ಆ ಹುಡುಗನು ಕಂಡುಕೇಳದ ಜನರ ನಡುವೆ, ತನ್ನ ಮೇಲಧಿಕಾರಿಯನ್ನು ಕೊಂದವರ ವಶದಲ್ಲಿ, ವಾರಗಟ್ಟಲೆ ಕಾದಿದ್ದನು. ಡಿಸೆಂಬರ್ ತಿಂಗಳ ಆರಂಭದಲ್ಲಿ ದಂಡು ಬಂದು ಕೋಟೆಯನ್ನು ಮುತ್ತಿದಾಗ ಸೆರೆಯವರಿಬ್ಬರೂ ಜೀವದಿಂದ ಬಿಡಲ್ಪಟ್ಟರು. ಕೈಗೆ ಸಿಕ್ಕವರನ್ನು ಕೊಲ್ಲದೆ ಉಳಿಸಿಕೊಂಡ ಕಿತ್ತೂರಿನವರ ನಡತೆಯನ್ನು ಇಲ್ಲಿ ನೆನೆಯುವುದು ನ್ಯಾಯವಾಗಿದೆ.

ಬೇರೊಬ್ಬನಾಗಿದ್ದರೆ ಆ ಸೀಮೆಯ ಹೆಸರನ್ನು ಕೇಳಿದರೆ ಸಾಕೆಂದು ವರ್ಗಾ ಮಾಡಿಸಿಕೊಂಡು ಹೋಗುತ್ತಿದ್ದನೇನೋ. ಇವರು ೧೮೩೩ರ ವರೆಗೂ ಅಲ್ಲಿಯೇ ನಿಂತರು. ಕನ್ನಡವನ್ನು ಕಲಿತರು, ಹಳ್ಳಿಯ ಗುಡಿಗಳಲ್ಲಿಯೂ ಹೊಲಗಳಲ್ಲಿಯೂ ನಿಂತಿದ್ದ ಶಾಸನದ ಕಲ್ಲುಗಳನ್ನು ಓದಿಸಿ ಬರೆಯಿಸಿಕೊಂಡರು. ಹೀಗೆ ಕೂಡಿಸಿದ ಶಾಸನಗಳು ೫೯೫ ಆದವು. ಕುದುರೆಯ ಮೇಲೆ ಕಂದಾಯದ ತಿರುಗಾಟಕ್ಕೆ ಹೋದಲ್ಲೆಲ್ಲಾ ಅವರು ಇನ್ನೊಂದು ಲೆಕ್ಕವನ್ನೂ ಬರೆಯುತ್ತಿದ್ದರು. ಅದು ಮೃಗಗಳ ಲೆಕ್ಕ. ಈ ಎರಡನೆಯ ಲೆಕ್ಕವೇ ೧೮೩೯ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ, ದಕ್ಷಿಣ ಮರಾಠಾ ಪ್ರಾಂತದಲ್ಲಿರುವ ಮೊಲೆಯುಣಿಸುವ ಪ್ರಾಣಿಗಳ ಪಟ್ಟಿ ಎಂಬರ್ಥದ ಹೆಸರಿನಿಂದ ಅಚ್ಚಾಯಿತು.

ಹೆಸರಿಗೆ ಅದು ಪಟ್ಟಿಯೇ. ಆದರೆ ಅದನ್ನು ಓದುವವರಿಗೆ ಹೊಲದ ಬದುವಿನ ಮೇಲೆ ಕೂತು ಕೇಳಿದಂತೆ ಆಗುತ್ತದೆ. ಅದರಲ್ಲಿ ಎರಡು ಗುಣಗಳನ್ನು ನಾವು ವಿಶೇಷವಾಗಿ ಮೆಚ್ಚುತ್ತೇವೆ. ಒಂದನೆಯದು, ಸಾಹೇಬರು ತಿಳಿಯದ್ದನ್ನು ತಿಳಿದವರ ಬಾಯಿಂದ ಕೇಳಿದರು. ಕುರುಬರನ್ನು ಕೇಳಿದರು, ಒಕ್ಕಲಿಗರನ್ನು ಕೇಳಿದರು, ಕೆರೆ ತೋಡುವ ಒಡ್ಡರನ್ನು ಕೇಳಿದರು. ನೆಲವನ್ನು ಅಗೆದು ಬದುಕುವ ಒಡ್ಡರಿಗಿಂತ ಬಿಲದ ಪ್ರಾಣಿಗಳನ್ನು ಹೆಚ್ಚಾಗಿ ಬಲ್ಲವರು ಯಾರಿದ್ದಾರೆ? ಎರಡನೆಯದು, ತಾನು ಕಣ್ಣಾರೆ ಕಂಡದ್ದು ಯಾವದು, ಇತರರು ಹೇಳಿದ್ದು ಯಾವದು ಎಂಬುದನ್ನು ಅವರು ಒಂದಕ್ಕೊಂದು ಕಲಸಲಿಲ್ಲ. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ರೈತರ ನಂಬಿಕೆಯೆಂದೂ ಬರೆದರು. ಬೇಟೆಯ ಕಥೆಗಳನ್ನು ಬರೆಯುವವರಲ್ಲಿ ಈ ಗುಣ ಎಷ್ಟು ವಿರಳವೆಂಬುದು ಅಂಥ ಪುಸ್ತಕಗಳನ್ನು ಓದಿದವರಿಗೆ ಗೊತ್ತು.

ಮೊದಲು ಇಲಿಯ ವಿಷಯ ಹೇಳುವೆವು; ಯಾಕಂದರೆ ರೈತನಿಗೆ ಹುಲಿಗಿಂತಲೂ ಇಲಿಯೇ ದೊಡ್ಡ ವೈರಿಯು.

ಎರೆಹೊಲದಲ್ಲಿ ಒಡ್ಡರು ಮೆಟ್ಟಡ ಎಂದು ಕರೆಯುವ ಮೆತ್ತಗಿನ ರೋಮದ ಒಂದು ಇಲಿಯುಂಟು. ಅದು ಜೋಡಿಯಾಗಿ ಇಲ್ಲವೆ ಐದಾರು ಕೂಡಿಕೊಂಡು ಇರುತ್ತದೆ. ನೆಲವನ್ನು ಆಳವಾಗಿ ತೋಡುವ ಪದ್ಧತಿ ಅದಕ್ಕಿಲ್ಲ. ಗಿಡದ ಬುಡದಲ್ಲಿ ಒಂದು ಅಂದಗೇಡಿ ತೂತು, ಹೊಲದಲ್ಲಿ ಒಟ್ಟಿದ ಕಲ್ಲುಗುಂಪು, ಬೇರೆ ಇಲಿ ಬಿಟ್ಟುಹೋದ ಬಿಲ, ಇಷ್ಟೇ ಅದರ ಮನೆ. ಬೇಸಿಗೆಯಲ್ಲಿ ಎರೆಯು ಒಣಗಿ ಬಾಯಿಬಿಟ್ಟಾಗ ಆ ಬಿರುಕುಗಳೇ ಅದಕ್ಕೆ ಸಾಕಾಗುತ್ತವೆ. ಕಟ್ಟದ ಮನೆಯಲ್ಲಿ ವಾಸಿಸುವವನಿಗೆ ಬಾಡಿಗೆಯಿಲ್ಲ, ಆದರೆ ಭದ್ರವೂ ಇಲ್ಲ. ಮುಂಗಾರಿಯ ಮೊದಲನೆಯ ದೊಡ್ಡ ಮಳೆಗೆ ಎರೆಯು ಉಬ್ಬಿ ಬಿರುಕುಗಳು ಮುಚ್ಚಿಕೊಳ್ಳುತ್ತವೆ. ಒಳಗಿದ್ದ ಇಲಿಗಳು ಲೆಕ್ಕವಿಲ್ಲದಷ್ಟು ಸಾಯುತ್ತವೆ. ವರುಷ ವರುಷವೂ ಹೀಗೆ ಮಳೆಯೇ ಒಕ್ಕಲಿಗನ ಪಕ್ಷವಾಗಿ ಅವುಗಳ ಸಂಖ್ಯೆಯನ್ನು ತಗ್ಗಿಸುತ್ತಿತ್ತು.

೧೮೨೬ರಲ್ಲಿ ಆ ಮಳೆ ಬರಲಿಲ್ಲ. ಆರಂಭದಲ್ಲಿ ಬೀಳಬೇಕಾದಷ್ಟು ಬೀಳಲಿಲ್ಲ. ಮೆಟ್ಟಡಗಳು ಮರಿಮಾಡಿ ಮರಿಮಾಡಿ ಪೀಡೆಯಾದವು. ಒಂದು ಸೂಲಿಗೆ ಆರರಿಂದ ಎಂಟು ಮರಿಗಳಂತೆ. ಬಿತ್ತಿದ ಬೀಜವನ್ನು ಬಿತ್ತಿದ ಕೂಡಲೆ ತಿಂದವು. ಉಳಿದ ಬೀಜವು ಬೆಳೆದು ತೆನೆ ಹಣ್ಣಾಗುವ ಹೊತ್ತಿಗೆ ಜೋಳದ ದಂಟನ್ನು ಹತ್ತಿ ತೆನೆಯನ್ನು ಕಡಿದು ಕೆಳಗೆ ಬೀಳಿಸಿ, ನೆಲದ ಮೇಲೆ ಕೂತು ತಿಂದವು. ಇಲ್ಲಿ ವಾಚಕರು ಸ್ವಲ್ಪ ನಿಂತು ಯೋಚಿಸಬೇಕು. ದಂಟನ್ನು ಏರಬಲ್ಲ ಹಗುರವಾದ ಮೈ, ಅದನ್ನು ಕತ್ತರಿಸಬಲ್ಲ ಮುಂದಿನ ಹಲ್ಲು, ತೂಗಾಡುವ ತೆನೆಯ ಮೇಲೆ ಕೂತು ತಿನ್ನಲು ಆಗದ ಕಷ್ಟ, ಈ ಮೂರೂ ಕೂಡಿದ ಮೇಲೆ ತೆನೆ ಕಡಿಯುವ ನಡತೆ ಹುಟ್ಟಿತು. ರೈತನ ಮೇಲೆ ಇಲಿಗೆ ಹಗೆಯೇನೂ ಇರಲಿಲ್ಲ. ಆದರೆ ಹೊಲಕ್ಕೆ ಹೊಲವೇ ಹಾಳಾಗಿ, ರೈತರು ಕಂದಾಯ ಕಟ್ಟಲಾರದೆ ಹೋದುದನ್ನು ಕಂದಾಯ ಎತ್ತುವವರಾಗಿದ್ದ ಸಾಹೇಬರೇ ಕಂಡು ಬರೆದಿದ್ದಾರೆ. ರೈತರು ಒಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಒಂದು ಅಳತೆ ಕಾಳು ಎಂದು ಗೊತ್ತುಮಾಡಿದರು. ಒಡ್ಡರು ಸಾವಿರಗಟ್ಟಲೆ ಕೊಂದರು. ಇಲಿಗಳು ಕಡಿಮೆಯಾದಂತೆ ತೋರಲಿಲ್ಲ.

ಎರೆಯಿಂದ ಮಸಾರಿಗೆ ಬಂದರೆ ಅಲ್ಲಿ ಬೇರೆ ಪ್ರಜೆ. ಗರಸು ಕೂಡಿದ ಕೆಂಪು ನೆಲದಲ್ಲಿ ಲೆಗ್ಗಡ ಎಂಬ ಚಿಕ್ಕ ಇಲಿಯಿರುತ್ತದೆ. ಅದು ದಿಬ್ಬದ ಓರೆಯಲ್ಲಿ ಬಿಲ ತೋಡಿ, ತಾನು ಒಳಗಿರುವಾಗ ಬಾಗಿಲನ್ನು ಸಣ್ಣ ಹರಳುಗಳಿಂದ ಮುಚ್ಚುತ್ತದೆ. ಹೊರಗೆ ಹರಳುಗಳ ಗುಂಪನ್ನು ಕಂಡರೆ ಮನೆಯಲ್ಲಿ ಯಜಮಾನನಿದ್ದಾನೆಂದು ತಿಳಿಯಬಹುದು. ಒಳಗಿನ ಕೋಣೆಯಲ್ಲಿಯೂ ಹರಳುಗಳನ್ನೇ ಹಾಸಿ ಅವುಗಳ ಮೇಲೆ ಕೂಡುತ್ತದೆ. ಕಲ್ಲಿನ ಮೇಲೆ ಹೇಗೆ ಕೂತೀತು ಎಂದು ಸಾಹೇಬರು ಅದನ್ನು ತಿರುವಿ ಹೊಟ್ಟೆಯನ್ನು ನೋಡಿದರು. ಹೊಟ್ಟೆಯ ರೋಮವು ದಟ್ಟವಾಗಿ ಒತ್ತಾಗಿದ್ದು, ಕಲ್ಲಿನ ತಣುಪೂ ಒರಟೂ ಅದಕ್ಕೆ ತಟ್ಟದಂತಿತ್ತು. ಮೆಟ್ಟಡದ ಮೆತ್ತಗಿನ ಮೈಗೆ ಈ ಮನೆ ಒಗ್ಗುತ್ತಿರಲಿಲ್ಲ.

ಮೂರನೆಯದು ಕೋಕ್ ಎಂಬ ದೊಡ್ಡ ಇಲಿ. ಅಗಲವಾದ ಮೂತಿ, ಬಲವಾದ ಹಲ್ಲು, ಗಟ್ಟಿ ಕಾಲುಗಳುಳ್ಳ ಇದು ತೋಡುವುದಕ್ಕಾಗಿಯೇ ಇರುವ ಮೈ. ಅದು ಒಂಟಿಯಾಗಿ ಬಿಲದಲ್ಲಿದ್ದು ತೆನೆಗಳನ್ನು ಒಳಗೆ ಸಾಗಿಸಿ ಕಣಜ ಮಾಡುತ್ತದೆ. ಆ ಕಣಜವನ್ನು ಅಗೆದು ತೆಗೆದರೆ ಬಡವನಿಗೆ ಇಲಿಯೊಂದಿಗೆ ಕಾಳೂ ದೊರಕುವುದು. ಇನ್ನು ನಾಲ್ಕನೆಯದಾದ ಗುಲಾಂಡಿಯು ಮಂದಗತಿಯದು, ಇತರ ಇಲಿಗಳಂತೆ ಚಂಗನೆ ಹಾರಿ ತಪ್ಪಿಸಿಕೊಳ್ಳಲಾರದು. ಓಡಲಾರದವನು ಏನು ಮಾಡಬೇಕು? ಅದು ಮುಳ್ಳುಪೊದೆಯೊಳಗೆ ಒಣಹುಲ್ಲಿನ ನಾರುಗಳನ್ನು ನೆಯ್ದು ಉಂಡೆಯಂಥ ಗೂಡು ಕಟ್ಟುತ್ತದೆ. ಪೊದೆಯ ಒಳಗೂ ಸುತ್ತಲೂ ನಡೆದು ನಡೆದು ಸಣ್ಣ ಕಾಲುದಾರಿಗಳನ್ನು ಮಾಡಿಕೊಳ್ಳುತ್ತದೆ. ಅದರ ಹೊಟ್ಟೆಯನ್ನು ಕೊಯ್ದು ನೋಡಿದಾಗ ಗರಿಕೆಯ ಬೇರುಗಳಲ್ಲದೆ ಬೇರೇನೂ ಇರಲಿಲ್ಲ.

ಎಲಿಯಟ್ ಸಾಹೇಬರು ಕಳುಹಿಸಿದ ಮಾದರಿಗಳನ್ನು ಲಂಡನ್ನಿನ ಗ್ರೇ ಎಂಬ ಪಂಡಿತರು ೧೮೩೭ರಲ್ಲಿ ವಿವರಿಸಿದರು. ಆಗ ಗುಲಾಂಡಿಯು ಗೊಲುಂಡಾ ಆಗಿಯೂ, ಮೆಟ್ಟಡವು ಮೆಲ್ಟಾಡಾ ಆಗಿಯೂ, ಲೆಗ್ಗಡವು ಲೆಗ್ಗಡಾ ಆಗಿಯೂ, ಕೋಕ್ ಹಾಗೆಯೇ ಕೋಕ್ ಆಗಿಯೂ ಲ್ಯಾಟಿನ್ ಹೆಸರುಗಳೊಳಗೆ ಸೇರಿದವು. ಲೋಕದ ಯಾವ ಮೂಲೆಯ ಪ್ರಾಣಿಶಾಸ್ತ್ರಿಯೇ ಆಗಲಿ ಗುಲಾಂಡಿಯ ಮಾತೆತ್ತಿದರೆ ಇಂದಿಗೂ ಗೊಲುಂಡಾ ಎಲಿಯಟಿ ಎನ್ನಬೇಕು. ಅದರೊಳಗೆ ಅರ್ಧ ಧಾರವಾಡದ ಹೊಲದವನ ಮಾತು, ಅರ್ಧ ಸಾಹೇಬರ ಹೆಸರು. ಒಡ್ಡರ ಹೆಸರುಗಳನ್ನು ತೆಗೆದುಹಾಕಿ ತಮ್ಮವನ್ನಿಡದೆ ಹಾಗೆಯೇ ಬರೆದು ಕಳುಹಿಸಿದ್ದು ಅವರ ದೊಡ್ಡತನವೆಂದು ನಾವೆಣಿಸುತ್ತೇವೆ.

ಈಗ ತೋಳದ ಮಾತು. ಇದರಲ್ಲಿ ದುಃಖವೂ ಇದೆ. ಯಾಕಂದರೆ ಸಾಹೇಬರು ಸೆರೆಯಾದ ಆ ೧೮೨೪ರಲ್ಲಿಯೇ, ಒಂದೇ ಪರಗಣೆಯೊಳಗೆ ಮೂವತ್ತಕ್ಕೂ ಹೆಚ್ಚು ಮಕ್ಕಳು ತೋಳಗಳ ಬಾಯಿಗೆ ಬಿದ್ದರೆಂದು ಅವರು ಬರೆದಿದ್ದಾರೆ. ಮೂವತ್ತು ಮನೆಗಳ ಗೋಳಾಟವನ್ನು ಯಾರು ಅಳೆದಾರು? ಇಂಥ ಮೃಗವನ್ನು ಸಮಾಧಾನದಿಂದ ನೋಡಿ ಬರೆಯುವುದು ಸುಲಭವಲ್ಲ. ಆದಾಗ್ಯೂ ಅವರು ಬೈಗಳನ್ನು ಬರೆಯದೆ ಅದರ ಬೇಟೆಯ ರೀತಿಯನ್ನು ಬರೆದರು.

ತೋಳದ ಶರೀರವನ್ನು ನೋಡಿರಿ. ಉದ್ದ ಕಾಲು, ಇಕ್ಕಟ್ಟಾದ ಎದೆ; ರಾತ್ರಿಯೆಲ್ಲಾ ದಣಿಯದೆ ಒಂದೇ ಓಟದಲ್ಲಿ ಸಾಗಬಲ್ಲದು. ಆದರೆ ಚಿಗರಿಯ ವೇಗ ಅದಕ್ಕಿಲ್ಲ. ಹುಲಿ ಚಿರತೆಗಳಂತೆ ಪಂಜವನ್ನು ಚಾಚಿ ಉಗುರಿನಿಂದ ಹಿಡಿದೆಳೆಯಲೂ ಆಗದು. ಬಾಯೊಂದೇ ಅದರ ಆಯುಧ. ಮೂಗಾದರೋ ಬಹು ಸೂಕ್ಷ್ಮ. ಗಾಳಿ ತಂದ ವಾಸನೆಯಿಂದಲೇ ಹಿಂಡು ಎಲ್ಲಿದೆಯೆಂದು ಅರಿಯುತ್ತದೆ. ವೇಗವಿಲ್ಲದೆ ವೇಗದವನನ್ನು ಹಿಡಿಯಬೇಕಾದರೆ ಒಬ್ಬನಿಂದಾಗದು, ಹಲವರು ಕೂಡಬೇಕು. ಸಾಹೇಬರು ಬರೆದದ್ದು ಇದೇ. ತೋಳಗಳು ಚಿಗರಿಯ ಹಿಂಡನ್ನು ಸುತ್ತುಗಟ್ಟಿ, ಬೇರೆ ಬೇರೆ ದಿಕ್ಕುಗಳಲ್ಲಿ ಅಡಗಿಕೊಂಡು, ಹಿಂಡು ಮೇಯುತ್ತಾ ಯಾರ ಹತ್ತಿರ ಬರುವುದೋ ಎಂದು ಕಾಯುತ್ತವೆ. ಒಂದು ಸಾರಿ ಮೂರು ತೋಳಗಳು ಚಿಂಕಾರಗಳೆಂಬ ಸಣ್ಣ ಹುಲ್ಲೆಗಳ ಹಿಂಡನ್ನು ಒಂದು ಹಳ್ಳದ ಕಡೆಗೆ ಅಟ್ಟಿಕೊಂಡು ಬಂದವು. ಹಳ್ಳದೊಳಗೆ ಇನ್ನೆರಡು ತೋಳಗಳು ಮೊದಲೇ ಮಲಗಿದ್ದವು. ಒಂದು ಹೆಣ್ಣು ಹುಲ್ಲೆ ಸಿಕ್ಕಿತು. ಮನುಷ್ಯರು ಅದನ್ನು ತೋಳಗಳಿಂದ ಕಸಿದುಕೊಂಡರು. ಮರೆಯೇ ಇಲ್ಲದ ಬಯಲಿನಲ್ಲಿ ತೋಳಗಳು ನೆಲವನ್ನು ಕೆರೆದು ಕುಣಿ ಮಾಡಿ, ಒಂದು ಅದರೊಳಗೆ ಮಲಗಿ, ಉಳಿದವು ಹಿಂಡನ್ನು ಅದರ ಮೇಲೆ ಹಾಯಿಸುತ್ತವೆ ಎಂಬುದನ್ನು ಮಾತ್ರ ಅವರು ರೈತರ ನಂಬಿಕೆಯೆಂದು ಬೇರೆಯಾಗಿಟ್ಟರು.

ಕುರುಬರು ಹೇಳಿದ ಮಾತೂ ಅದರಲ್ಲಿದೆ. ಕುರಿಹಟ್ಟಿಯ ಮೇಲೆ ಬಿದ್ದಾಗ ಕೆಲವು ತೋಳಗಳು ನಾಯಿಗಳನ್ನು ಕೆಣಕಿ ಕಾದಾಟದಲ್ಲಿ ತೊಡಗಿಸುತ್ತವೆ; ಅಷ್ಟರೊಳಗೆ ಉಳಿದವು ಕುರಿಯನ್ನು ಎಳೆದೊಯ್ಯುತ್ತವೆ. ಬೆನ್ನಟ್ಟಿದರೆ ಹಾಗೆಯೇ ಕೆಲವು ಹಿಂದಿರುಗಿ ನಾಯಿಗಳನ್ನು ತಡೆಯುತ್ತವೆ. ಗುಂಪಿನಲ್ಲಿ ಸೇರದೆ ಒಂದೇ ತಿರುಗುವ ದೊಡ್ಡ ತೋಳಕ್ಕೆ ಒಂಟಿತೋಳವೆಂದು ಕನ್ನಡಿಗರು ಕರೆಯುತ್ತಾರೆಂದೂ ಅದು ವಿಶೇಷ ಉಗ್ರವೆಂದು ಎಣಿಸಲ್ಪಡುತ್ತದೆಂದೂ ಅವರು ಆ ಕನ್ನಡ ಹೆಸರಿನೊಂದಿಗೇ ಬರೆದಿದ್ದಾರೆ. ಇಂದು ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಸರಕಾರದವರು ಸುಮಾರು ೩೩೨ ಎಕರೆಯ ಅಭಯಾರಣ್ಯವನ್ನು ಮಾಡಿದ್ದಾರೆಂಬುದನ್ನು ಬಲ್ಲ ವಾಚಕರು, ಅಲ್ಲಿಯ ಕುರುಬರ ಕಷ್ಟವನ್ನೂ ಆ ಮೃಗದ ಅಳಿವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಎಷ್ಟು ಕಠಿಣವೆಂದು ನಮಗಿಂತ ಚೆನ್ನಾಗಿ ಅರಿತಿದ್ದಾರೆ.

ಬೇಟೆಯಾಡುವವನ ಶರೀರ ಒಂದು ವಿಧವಾದರೆ ಬೇಟೆಯಾಗುವವನದು ಇನ್ನೊಂದು ವಿಧ. ಚಿಗರಿಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವದರಿಂದ ಅದು ತಲೆ ತಿರುವದೆಯೇ ಹೆಚ್ಚು ಕಡಿಮೆ ಸುತ್ತೆಲ್ಲವನ್ನೂ ಕಾಣುತ್ತದೆ. ಹಾಗಾಗಿ ಅದು ಕಾಡಿನ ಮರೆಯನ್ನು ಹುಡುಕದೆ ಬಟ್ಟಬಯಲನ್ನೇ ಪ್ರೀತಿಸುತ್ತದೆ. ಹೆದರಿದ ಹಿಂಡಿನಲ್ಲಿ ಹೆಣ್ಣುಗಳು ಮುಂದಾಗಿ ನೆಗೆದು ಸ್ವಲ್ಪ ದೂರ ಹೋಗಿ ನಿಂತು ತಿರುಗಿ ನೋಡುತ್ತವೆಂದೂ, ಹೋರಿಯು ನಿಧಾನವಾಗಿ ಹಿಂದಿನಿಂದ ಬರುವದೆಂದೂ, ಭಯ ಹೆಚ್ಚುವ ತನಕ ನೆಗೆತವೂ ಭಯ ಹೆಚ್ಚಿದ ಮೇಲೆ ನಾಗಾಲೋಟವೂ ಎಂದೂ ಸಾಹೇಬರು ಗುರುತಿಸಿದರು. ಆ ನೆಗೆತದ ಕಾರಣವನ್ನು ಈಗಿನ ಪ್ರಾಣಿಶಾಸ್ತ್ರಿಗಳು ಹೀಗೆ ಊಹಿಸುತ್ತಾರೆ: ನೆಗೆದಾಗ ಹುಲ್ಲಿನ ಮೇಲಿಂದ ದೂರ ಕಾಣುತ್ತದೆ, ಅಲ್ಲದೆ ಇಷ್ಟು ನೆಗೆಯಬಲ್ಲ ನನ್ನನ್ನು ಅಟ್ಟಿ ಪ್ರಯೋಜನವಿಲ್ಲವೆಂದು ತೋಳಕ್ಕೆ ತಿಳಿಯುತ್ತದೆ.

ಆದರೆ ಓಟವೊಂದನ್ನೇ ಅದು ನಂಬಿರುವದಿಲ್ಲ. ಸಾಹೇಬರು ಒಮ್ಮೆ ಒಂದು ಹೋರಿಯನ್ನು ತೊಗರಿಹೊಲದೊಳಗೆ ಅಟ್ಟಿಕೊಂಡು ಹೋದರು. ಅದು ತಟ್ಟನೆ ಮಾಯವಾಯಿತು. ಬಹಳ ಹೊತ್ತು ಹುಡುಕಿದ ಮೇಲೆ, ಅದು ಪೈರಿನ ನಡುವೆ ಬಿದ್ದುಕೊಂಡು ತಲೆಯನ್ನು ನೆಲಕ್ಕೆ ಒತ್ತಿ ಅಡಗಿದ್ದುದು ಕಂಡಿತು. ಇನ್ನೊಮ್ಮೆ ಅವರು ಕಂಡದ್ದು ಇದಕ್ಕಿಂತ ಮನಮುಟ್ಟುವಂಥದು. ಒಂದು ಹೋರಿ, ಒಂದು ಹೆಣ್ಣು, ಬಹಳ ಎಳೆಯದಾದ ಒಂದು ಮರಿ, ಮೂರೂ ಅವರನ್ನು ಕಂಡು ಓಡಿದವು. ಮರಿಯ ಕಾಲುಗಳು ಆ ಓಟಕ್ಕೆ ಸಾಲವು. ದೊಡ್ಡವೆರಡೂ ಅದನ್ನು ಮಲಗಿಸಲು ಪ್ರಯತ್ನಿಸಿದವು; ಅದು ಮಲಗದೆ ಹಿಂದಿಂದೆ ಓಡಿಬಂದಿತು. ಆಗ ಹೋರಿಯು ತಿರುಗಿ ನಿಂತು, ಹತ್ತಿಯ ಹೊಲದಲ್ಲಿ ಆ ಮರಿಯನ್ನು ಮತ್ತೆ ಮತ್ತೆ ಗುದ್ದಿ ಕೆಡವಿತು. ಕೊನೆಗೆ ಮರಿ ಅಲುಗದೆ ಬಿದ್ದುಕೊಂಡಿತು. ಅದಾದ ಮೇಲೆ ಎರಡೂ ಓಡಿಹೋಗುತ್ತಾ, ಅಟ್ಟುವವನ ಕಣ್ಣು ತಮ್ಮ ಮೇಲೆಯೇ ಇರುವಂತೆ ಮಾಡಿದವು. ನೋಡಿದವನಿಗೆ ತಂದೆಯು ಮರಿಯನ್ನು ಹೊಡೆಯುತ್ತಾನೆಂದು ತೋರಬಹುದು. ಮರಿಯ ಶರೀರವನ್ನು ಬಲ್ಲವನಿಗೆ ಅರ್ಥ ಬೇರೆ. ಎಳೆಯ ಮರಿಯ ಮೈಬಣ್ಣವು ಮಣ್ಣಿನೊಂದಿಗೆ ಬೆರೆಯುತ್ತದೆ. ಅದು ಅಲುಗದಿದ್ದರೆ ಕಣ್ಣಿಗೆ ಬೀಳುವುದಿಲ್ಲ. ಓಡಿದರೆ ಸಾಯುವದು, ಬಿದ್ದುಕೊಂಡರೆ ಬದುಕುವದು. ಒಂಟಿಯಾಗಿ ಬಿದ್ದ ಚಿಗರಿ ಮರಿಯನ್ನು ತಬ್ಬಲಿಯೆಂದು ತಿಳಿದು ಮನೆಗೆ ತರುವವರು ಇದನ್ನು ತಿಳಿದಿರಬೇಕು. ಅದರ ತಾಯಿ ಸತ್ತಿರುವದಿಲ್ಲ, ದೂರದಲ್ಲಿ ಕಾಯುತ್ತಿರುತ್ತಾಳೆ.

ಓಡುವ ಪ್ರಾಣಿಗಳೊಳಗೂ ಓಟದ ರೀತಿ ಒಂದೇ ಅಲ್ಲ. ನಾಯಿಗಳು ಬೆನ್ನಟ್ಟಿದಾಗ ಮೊಲವು ಮೊದಲು ನೆಟ್ಟಗೆ ಓಡಿ, ಸೋಲುವಾಗ ಮಾತ್ರ ತಿರುವು ಹಾಕುತ್ತದೆ. ಕೆಂಪುನರಿಯಾದರೋ ಮೊದಲೇ ಅತ್ತಿತ್ತ ತಿರುಗಿ ತಿರುಗಿ ನಾಯಿಗಳನ್ನು ದಣಿಸಿ, ಅವು ದಣಿದ ಮೇಲೆ ನೆಟ್ಟಗೆ ಹೊರಟುಹೋಗುತ್ತದೆ. ಈ ಪುಟ್ಟ ನರಿಯ ಹೊಟ್ಟೆಯಲ್ಲಿ ಇಲಿ, ಏಡಿ, ಮಿಡತೆ, ಜೀರುಂಡೆಗಳನ್ನೂ ಒಂದು ಸಾರಿ ಅರ್ಧ ಮಾವಿನ ಹಣ್ಣನ್ನೂ ಸಾಹೇಬರು ಕಂಡರು. ಅದನ್ನು ಕೊಲ್ಲುವ ರೈತನು ತನ್ನ ಇಲಿಗಳಿಗೆ ಉಪಕಾರ ಮಾಡಿದಂತಾಯಿತು.

ಆನೆಗೊಂದಿಯ ಗುಡ್ಡಗಳ ಕಡೆಯವರು ಕರಡಿಯನ್ನು ಬಲ್ಲರು. ಅದರ ಮೇಲ್ದವಡೆಯ ಮುಂದಿನ ಎರಡು ಹಲ್ಲುಗಳೇ ಇಲ್ಲ. ತುಟಿ ಉದ್ದವಾಗಿ ಚಾಚುತ್ತದೆ. ಮೂಗಿನ ಹೊಳ್ಳೆಗಳನ್ನು ಬೇಕಾದಾಗ ಮುಚ್ಚಿಕೊಳ್ಳಬಲ್ಲದು. ಉಗುರಿನಿಂದ ಹುತ್ತವನ್ನು ಒಡೆದು, ಧೂಳನ್ನು ಊದಿ, ಹಲ್ಲಿಲ್ಲದ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಗೆದ್ದಲು, ಇರುವೆ, ಹಣ್ಣು, ಜೇನು, ಕಕ್ಕೆಯ ಬೀಜ ಇವೇ ಅದರ ಆಹಾರವೆಂದು ಸಾಹೇಬರು ಬರೆದರು. ಕರಡಿಯ ಬೆನ್ನಿನ ಜೊಂಪೆ ರೋಮಕ್ಕೂ ಒಂದು ಕೆಲಸವುಂಟು. ೧೮೩೩ರಲ್ಲಿ ಅಟ್ಟಲ್ಪಟ್ಟ ಒಂದು ತಾಯಿಕರಡಿಯು ತನ್ನ ಎರಡು ಮರಿಗಳನ್ನು ಬೆನ್ನ ಮೇಲೆ ಹೊತ್ತುಕೊಂಡು ಹತ್ತಿರ ಹತ್ತಿರ ಮೂರು ಮೈಲು ಓಡಿತು. ಮರಿಗಳು ಆ ರೋಮವನ್ನು ಹಿಡಿದುಕೊಂಡಿದ್ದವು. ತಾಯಿಯು ಕೊನೆಗೆ ಕೊಲ್ಲಲ್ಪಟ್ಟಿತು. ಸಾಹೇಬರು ಇದನ್ನು ಎರಡು ಸಾಲುಗಳಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನಮಗೆ ಅಷ್ಟು ಬೇಗನೆ ಮುಂದೆ ಹೋಗಲು ಮನಸ್ಸು ಬರಲಿಲ್ಲ. ಆ ಕಾಲದ ಸಾಹೇಬರೆಲ್ಲರಂತೆ ಇವರೂ ಬೇಟೆಗಾರರಾಗಿದ್ದರು. ಅಂದು ಮೃಗಗಳು ಎಂದಿಗೂ ತೀರಲಾರವೆಂದು ಎಲ್ಲರೂ ನಂಬಿದ್ದರು. ಒಂದು ಹೋರಿಯ ಹಿಂದೆ ಐವತ್ತು ಅರವತ್ತು ಹೆಣ್ಣು ಚಿಗರಿಗಳನ್ನು ಅವರು ಕಂಡ ಬಯಲುಗಳಲ್ಲಿ ಈಗ ಅಂಥ ಹಿಂಡುಗಳು ಅಪರೂಪವಾಗಿವೆ.

ಅವರು ಚಿಪ್ಪುಹಂದಿಯೊಂದನ್ನು ಸ್ವಲ್ಪ ಕಾಲ ಸಾಕಿದ್ದರು. ಹಗಲೆಲ್ಲಾ ನಿದ್ರೆ, ರಾತ್ರಿಯೆಲ್ಲಾ ತಳಮಳ. ಅದಕ್ಕೆ ಹಲ್ಲಿಲ್ಲ, ನಾಲಗೆಯೇ ಎಲ್ಲವೂ. ಪೆಟ್ಟಿಗೆಯೊಳಗೆ ಗೆದ್ದಲುಗಳನ್ನು ತಂದು ಸುರಿದರೂ ಅದು ತಿನ್ನಲಿಲ್ಲ. ನೀರನ್ನು ಮಾತ್ರ, ಉದ್ದ ನಾಲಗೆಯನ್ನು ನೊರೆಯೇಳುವಷ್ಟು ಬೇಗ ಬೇಗ ಚಾಚಿ ಕುಡಿಯಿತು. ತಾನೇ ಮೂಸಿ ಹುಡುಕಿ, ನೆಲವನ್ನು ತೋಡಿ ತಿನ್ನಬೇಕಾದ ಪ್ರಾಣಿಗೆ ಪೆಟ್ಟಿಗೆಯ ಊಟ ಹಿಡಿಸದೆ ಹೋದದ್ದು ಆಶ್ಚರ್ಯವಲ್ಲ. ಇಂದಿಗೂ ಅದನ್ನು ಸೆರೆಯಲ್ಲಿ ಬದುಕಿಸುವುದು ಕಷ್ಟವೆಂದು ಮೃಗಾಲಯದವರು ಬಲ್ಲರು.

ಅವರ ಉಳಿದ ಆಯುಷ್ಯವನ್ನು ಬೇಗನೆ ಹೇಳಿ ಮುಗಿಸುವೆವು. ೧೮೩೩ರ ಕೊನೆಯಲ್ಲಿ ಮುಂಬಯಿಯಿಂದ ಹೊರಟು ಐಗುಪ್ತ ದೇಶವನ್ನು ದಾಟಿ ಯೆರೂಸಲೇಮಿಗೆ ಹೋದರು. ೧೮೩೪ರ ಈಸ್ಟರಿನಲ್ಲಿ ಅಲ್ಲಿಯ ಪವಿತ್ರ ಸಮಾಧಿಯ ದೇವಾಲಯದಲ್ಲಿ ನೂಕುನುಗ್ಗಲಾಗಿ ಅನೇಕರು ಸತ್ತಾಗ ಅವರು ಅಲ್ಲಿಯೇ ಇದ್ದರು. ೧೮೩೬ರಲ್ಲಿ ಮದ್ರಾಸಿಗೆ ಹಿಂದಿರುಗಿ ಗವರ್ನರರ ಕಾರ್ಯದರ್ಶಿಯಾದರು. ೧೮೩೯ರಲ್ಲಿ, ಮೆಲಿತೆ ಎಂದು ನಮ್ಮ ವಾಚಕರು ಬಲ್ಲ ಮಾಲ್ಟಾ ದ್ವೀಪದಲ್ಲಿ, ಅವರ ವಿವಾಹವಾಯಿತು. ೧೮೪೫ರಲ್ಲಿ ಕೃಷ್ಣಾ ನದಿಯ ತೀರದ ಅಮರಾವತಿಯಲ್ಲಿ ಅಗೆಯಿಸಿ ತೆಗೆದ ಶಿಲ್ಪಗಳು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ೧೮೫೫ರಲ್ಲಿ ರಜೆಯ ಮೇಲೆ ಸ್ವದೇಶದಲ್ಲಿದ್ದಾಗ ಡಾರ್ವಿನ್ ಪಂಡಿತರ ಪರಿಚಯವಾಯಿತು. ಮರುವರುಷ ಆ ಪಂಡಿತರು ಪತ್ರ ಬರೆದು ನಮ್ಮ ದೇಶದ ಸಾಕುಪಾರಿವಾಳ ಕೋಳಿಗಳ ಚರ್ಮಗಳನ್ನು ಬೇಡಿದರು. ಎಲಿಯಟ್ ಸಾಹೇಬರು ಮದ್ರಾಸಿನಿಂದ ಅವನ್ನು ಕಳುಹಿಸಿದರು. ೧೮೬೮ರಲ್ಲಿ ಸಾಕುಪ್ರಾಣಿಗಳ ವಿಷಯವಾಗಿ ಪ್ರಕಟವಾದ ಡಾರ್ವಿನ್ನರ ಗ್ರಂಥದಲ್ಲಿ ಆ ಉಪಕಾರದ ಸ್ಮರಣೆಯಿದೆ. ಮದ್ರಾಸಿನ ಆಲೋಚನಾ ಸಭೆಯ ಸದಸ್ಯರಾಗಿದ್ದು ೧೮೬೦ರಲ್ಲಿ ಕೆಲಸ ಬಿಟ್ಟು ಸ್ಕಾಟ್ಲೆಂಡಿಗೆ ಹೋದರು. ೧೮೬೬ರಲ್ಲಿ ಸರ್ ಎಂಬ ಬಿರುದು ದೊರಕಿತು.

ವುಲ್ಫ್‌ಲೀಯ ಮನೆಯಲ್ಲಿ ಅವರು ದಕ್ಷಿಣ ದೇಶದ ಹಳೆಯ ನಾಣ್ಯಗಳ ಕುರಿತು ಗ್ರಂಥ ಬರೆಯಲಾರಂಭಿಸಿದರು. ಅಷ್ಟರೊಳಗೆ ಅವರ ಕಣ್ಣುಗಳು ಮಂಜಾಗುತ್ತಾ ಬಂದು, ಕೊನೆಗೆ ಓದುಬರಹ ಆಗದಂತಾಯಿತು. ಬಿಲದ ಬಾಯಿಯ ಹರಳುಗಳನ್ನೂ ತೊಗರಿಯೊಳಗೆ ಅಡಗಿದ ಚಿಗರಿಯನ್ನೂ ಹುಡುಕಿ ಕಂಡ ಕಣ್ಣುಗಳವು. ಇತರರಿಂದ ಓದಿಸಿ ಕೇಳುತ್ತಾ, ಬಾಯಿಂದ ಹೇಳಿ ಬರೆಯಿಸುತ್ತಾ ಅವರು ಆ ಗ್ರಂಥವನ್ನು ಮುಗಿಸಿದರು. ಅದು ೧೮೮೫ರಲ್ಲಿ ಅಚ್ಚಾಯಿತು. ೧೮೮೭ನೆಯ ಇಸವಿ ಮಾರ್ಚ್ ೧ರ ಬೆಳಿಗ್ಗೆ ಅವರು ತಮಿಳು ಪಂಡಿತರಾದ ಪೋಪ್ ಎಂಬವರಿಗೆ, ಒಂದು ತಮಿಳು ಗ್ರಂಥದ ಹೊಸ ಮುದ್ರಣ ಯಾವಾಗ ಹೊರಬೀಳುವದೆಂದು ಕೇಳಿ ಒಂದು ಪತ್ರವನ್ನು ಹೇಳಿ ಬರೆಯಿಸಿದರು. ಸಹಿಯನ್ನು ತಾವೇ ಮಾಡಿದರು. ಅದೇ ದಿನ ಅವರು ತೀರಿಕೊಂಡರು.